ಕಲೆ ಉಳಿಯದ ಜಾಗ

ಅಕ್ಕಿಕಾಳಿಗಿಂತ ತುಸು ದೊಡ್ಡದು.
ಬೇರೆ ದಿನವಾಗಿದ್ದರೆ ಹಳದಿ ಚೀಲಕ್ಕೆ ಬಿದ್ದು
ಸಂಜೆ ಗಾಡಿ ಹತ್ತಿ ಸುಡಲು ಹೋಗುತ್ತಿತ್ತು.
ಇವತ್ತು ಡಾಕ್ಟರ್ ವಾಗೀಶ್ ಚಿಮಟದ ತುದಿಯಲ್ಲೆತ್ತಿ
ಮಂಜಿನ ಡಬ್ಬಿಗೆ ಹಾಕಿ
"ಲ್ಯಾಬಿಗೆ" ಎಂದರು.

ಜೈತುನ್‌ಬಿಯ ವಸಡು.
ಬಾಷಾ ನಗರದ ಮಂಡಕ್ಕಿ ಭಟ್ಟಿಯಿಂದ
ನಸುಕಿನ ಪಾಳಿ ಮುಗಿಸಿ ನೇರ ಬಂದವಳು,
ಸೆರಗಿನ ಮಡಿಕೆಯಲ್ಲಿ ಇನ್ನೂ ಬೂದಿ.
ಮುರಿದ ಹಲ್ಲಿಗೆ ಕ್ಯಾಪು ಕೂರಿಸಲು
ಒಂದಿಷ್ಟು ಕೊಯ್ಯಬೇಕಿತ್ತು, ಕೊಯ್ದರು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.
ಮಸಿ ಬಂತು, ಗೆರೆ ಬರಲಿಲ್ಲ.
ಇಪ್ಪತ್ತೆರಡು ವರ್ಷದ ಕಾದ ಮರಳು
ಬೆರಳಿನ ಗುರುತನ್ನೇ ಉಜ್ಜಿಹಾಕಿದೆ.
"ರೇಷನ್ ಅಂಗಡ್ಯಾಗೂ ಇದೇ ಗೋಳವ್ವ,
ಮಿಷನ್ನು ನನ್ನ ಗುರ್ತಾ ಹಿಡಿಯಂಗಿಲ್ಲ."

ಕೊಚ್ಚಿದೆ, ತೊಳೆದೆ, ಬಾಟಲಿಯ ತಳಕ್ಕೆ ಅಂಟಿಸಿದೆ.
ಮೇಲೆ ಗುಲಾಬಿ ಬಣ್ಣದ ನೀರು,
ಅದರಲ್ಲಿ ಹುಟ್ಟದೇ ಹೋದ ಯಾವುದೋ ಕರುವಿನ ಪಾಲು.
ಮೂವತ್ತೇಳು ಡಿಗ್ರಿ, ಬಾಯೊಳಗಿನ ಬಿಸಿಯಷ್ಟೇ.
ಹೊರಗೆ ದಾವಣಗೆರೆಯ ಏಪ್ರಿಲ್ ನಲವತ್ತು ಮುಟ್ಟಿದೆ,
ಇಲ್ಲಿ ಬೆಚ್ಚಗಿಡಲು ಜನರೇಟರಿನ ಸದ್ದಿಗೆ
ಕಿವಿಗೊಟ್ಟು ಕೂತಿದ್ದೇನೆ.

ಎಂಟು ದಿನ ಏನಿಲ್ಲ.
ಒಂಬತ್ತನೆಯ ದಿನ ಚೂರಿನ ಅಂಚಿನಿಂದ ಇಳಿದವು,
ಸಣ್ಣಗೆ, ಉದ್ದಕ್ಕೆ, ಎರಡೂ ತುದಿ ಚೂಪು.
ಕದಿರು.
ಪುಸ್ತಕವೂ ಅದನ್ನೇ ಹೇಳುತ್ತದೆ, ಆದರೆ ಬರೆದವರು
ನಮ್ಮಪ್ಪನ ಕೈಯಲ್ಲಿ ಕದಿರು ನೋಡಿದವರಲ್ಲ.
ಮಿಲ್ಲು ಮುಚ್ಚಿದ ದಿನ ಒಂದನ್ನು ಜೇಬಿಗಿಳಿಸಿ ತಂದಿದ್ದ,
ಅವನು ಮಾಡಿದ ಕಳ್ಳತನ ಅದೊಂದೇ.
ಈಗಲೂ ಅಡುಗೆಮನೆ ಕಿಟಕಿಗೆ ಅದೇ ಚಿಲಕ.

ಮೂರನೆಯ ವಾರ ಒಂದರ ಬದಿಗೊಂದು ಸಾಲಾದವು,
ಮಗ್ಗದ ಹಾಸಿನ ಹಾಗೆ, ಯಾರೂ ಹೇಳಿಕೊಡದೆ.
ಪೇಪರಿನವರು ಆಕರಕೋಶ ಎನ್ನುತ್ತಾರೆ, ನಾವು ಸೆಲ್ಲು.
ಮೂಳೆಯಾಗು ಎಂದರೆ ಮೂಳೆಯಾದಾವು,
ಕೊಬ್ಬಾಗು ಎಂದರೆ ಕೊಬ್ಬು.
ಕೆರಳಿದ ಮಾಂಸದ ನಡುವೆ ಬಿಟ್ಟರೆ
ಜಗಳ ಬಿಡಿಸುವ ಹಿರಿಯಕ್ಕನಂತೆ
ನಡುವೆ ನಿಂತಾವು.

ಕ್ಯಾಪಿಗೆಂದು ತಿಂಗಳ ಮೇಲೆ ಬಂದಳು.
ಎಲ್ಲಿ ಕೊಯ್ದದ್ದು ಎಂದು
ಕೊಯ್ದವರೇ ಟಾರ್ಚು ಹಿಡಿದು ಹುಡುಕಿದರು.
ಮೊಣಕೈ ಕೆಳಗಿನ ಸುಟ್ಟ ಗಾಯ ಮಾತ್ರ, ಹತ್ತು ವರ್ಷದ್ದು,
ಮೇಣ ಸುರಿದ ಹಾಗೆ ಇನ್ನೂ ಹೊಳೆಯುತ್ತದೆ.
ಒಂದೇ ಮೈ.
ಬಿಸಿ ಚಹಾ, ಮೀನಿನ ಮುಳ್ಳು, ಕಚ್ಚಿಕೊಂಡ ನಾಲಗೆ,
ಮಾಲೀಕನೆದುರು ಹಲ್ಲು ಕಚ್ಚಿ ತಡೆದ ಮಾತು,
ಇಷ್ಟನ್ನೂ ನೆನಪಿಟ್ಟಿದ್ದರೆ
ಬಾಯಿ ಬಾಯಾಗಿ ಉಳಿಯುತ್ತಿತ್ತೇ?

ಮೈಕ್ರೋಸ್ಕೋಪಿಗೆ ಒಂದು ಕಣ್ಣಿಟ್ಟಳು. ಬಹಳ ಹೊತ್ತು.
"ಇವು ನನ್ನವಾ?"
ನಿಮ್ಮವೇ.
"ಜೀವ ಐತಾ?"
ಐತಿ.
"ಹಂಗಾದ್ರ ಇಲ್ಲೂ ಅದೀನಿ, ಅಲ್ಲೂ ಅದೀನಿ."
ಆಮೇಲೆ ಕೈ ಚಾಚಿದಳು, ಆ ಗಾಯದ ಕೈ,
"ಇದಕ್ಕ ಹಚ್ಚಿದ್ರ?"

ಸುಳ್ಳು ಹೇಳುವುದು ಸುಲಭವಿತ್ತು.
ಇಲಿಗಳಿಗೆ ಹಚ್ಚಿ ನೋಡಿದಾರೆ, ಗಾಯ ಮಾಯ್ದಿವೆ,
ಮನುಷ್ಯರ ಪಾಳಿ ಇನ್ನೂ ದೂರ ಐತಿ, ಎಂದೆ.
ನಕ್ಕಳು, ಹೊಸ ಕ್ಯಾಪು ಮಿಂಚಿತು:
"ಇಲಿ ಪುಣ್ಯ ಮಾಡೈತಿ ಬಿಡವ್ವ,
ನಮ್ಮ ಭಟ್ಟ್ಯಾಗೂ ಮೊದಲು ತಿನ್ನೂದು ಅದಾ."

ಸಂಜೆ ಸೀಸೆಗಳ ಮೇಲೆ ಜಿ-ಹದಿನೇಳು ಎಂದು ಬರೆದೆ.
ಹೆಸರು ಬರೆಯುವಂತಿಲ್ಲ.
ನೈಟ್ರೋಜನ್ ಹೊಗೆಯಾಡಿತು, ಒಳಗಿಳಿಸಿ ಮುಚ್ಚಿದೆ.
ಎಷ್ಟು ವರ್ಷವೋ, ಯಾರ ಮೈಗೋ.

ತಿಂಡಿ ನಿಷೇಧ ಎಂಬ ಬೋರ್ಡಿನ ಕೆಳಗೇ
ಅವಳು ಇಟ್ಟುಹೋದ ಮಂಡಕ್ಕಿ ಚೀಲ.
ಮರುದಿನ ಭಾನುವಾರ, ಉಳಿದ ಬಾಟಲಿಗಳ ನೀರು ಬದಲಿಸಿ
ಮೆಟ್ಟಿಲ ಮೇಲೆ ಕೂತು ಮುಕ್ಕಿದೆ.
ಅರಳದ ಕಾಳೊಂದು ವಸಡಿಗೆ ಚುಚ್ಚಿತು.
ಚೂರು ರಕ್ತ, ಚೂರು ಉಪ್ಪು.
ನಾಲಗೆ ಹೋಗಿ ಹೋಗಿ ಮುಟ್ಟಿ ನೋಡುತ್ತಿತ್ತು,
ರಾತ್ರಿ ಊಟದ ಹೊತ್ತಿಗೆ
ಜಾಗ ಯಾವುದೆಂದು ಅದಕ್ಕೂ ತಿಳಿಯಲಿಲ್ಲ.