ಮಾಳಿಗೆಯ ಮೇಲಿನ ಪಾತ್ರೆ

ನಮ್ಮ ವಿಹಾರಕ್ಕೆ ಗೋಡೆ ಮೂರೇ.
ನಾಲ್ಕನೆಯದಕ್ಕೆ ಇಟ್ಟಿಗೆ ಸಾಲದೆ
ಗೊಬ್ಬರದ ಚೀಲ ಹೊಲಿದು ಪರದೆ ಬಿಟ್ಟಿದ್ದೇವೆ.
ಗಾಳಿಗೆ ಉಬ್ಬುತ್ತದೆ, ಇಳಿಯುತ್ತದೆ.
ಇಲ್ಲಿ ನೆಟ್ಟಗೆ ಉಸಿರಾಡುವುದು ಅದೊಂದೇ
ಎಂದು ಹುಲಿಗೆಮ್ಮ ನಗುತ್ತಾಳೆ.

ಕೊಪ್ಪಳದಿಂದ ಬಸ್ಸಿಗೆ ಇಪ್ಪತ್ತು ನಿಮಿಷ.
ಪಡುವಣಕ್ಕೆ ಪಾಲ್ಕಿಗುಂಡು,
ಬಂಡೆಗಳ ನೆತ್ತಿಗೆ ಛತ್ರಿಯಂತೆ ಇನ್ನೊಂದು ಬಂಡೆ,
ಅದರ ನೆರಳಲ್ಲಿ ಅಶೋಕನ ಅಕ್ಷರ,
ನಮಗಾರಿಗೂ ಓದಲು ಬಾರದ್ದು.
ಮೂಡಣಕ್ಕೆ ನಾಲ್ಕು ಚಿಮಣಿ.
ಆ ಬರಹ ಕೂಸಿಗೂ ಓದಲು ಬರುತ್ತದೆ.

ಭಾನುವಾರ ಭಂತೇಜಿ ಹೇಳುತ್ತಾರೆ:
ಮೂಗಿನ ತುದಿಯಲ್ಲಿ ಮನಸ್ಸಿಡಿ.
ಉಸಿರು ಒಳಗೆ ಬರುವುದು ಗೊತ್ತಾಗಲಿ,
ಹೊರಗೆ ಹೋಗುವುದು ಗೊತ್ತಾಗಲಿ.

ನಮಗೆ ಚೆನ್ನಾಗಿಯೇ ಗೊತ್ತಾಗುತ್ತದೆ.
ಕರವಸ್ತ್ರದಲ್ಲಿ ಗೊತ್ತಾಗುತ್ತದೆ.
ಮೂರು ನೀರಲ್ಲಿ ತೊಳೆದ ಪುಂಡಿಪಲ್ಯ
ಹಲ್ಲಿನಡಿ ಕರಕರ ಎಂದಾಗ,
ಬಾಣಂತಿ ಕೂಸಿನ ಬಟ್ಟೆ ಒಣಗಿಸಲು
ಒಲೆಯ ಮೇಲೆಯೇ ಹಗ್ಗ ಕಟ್ಟಿದಾಗ.

ಏಳನೇ ಉಸಿರಿಗೆ ಹುಲಿಗೆಮ್ಮ ಕೆಮ್ಮಿದಳು.
ಅವಳ ಹಿಂದೆ ಯಂಕೋಬಣ್ಣ, ಅವನ ಹಿಂದೆ ಹುಡುಗರು,
ಕಡೆಗೆ ಭಂತೇಜಿ.
ಕಣ್ಣು ತೆರೆಯದೆ ಅಂದರು:
"ಕೆಮ್ಮನ್ನೂ ನೋಡ್ರಿ. ಬರ್ತದ, ಹೋಗ್ತದ."
"ಬರೂದು ಖರೆ ಭಂತೇಜಿ," ಅಂದಳು ಹುಲಿಗೆಮ್ಮ,
"ಹೋಗೂದು ಕಾಣವಲ್ದು."

ಆ ದಿನ ಅವರು ಮತ್ತೆ ಮಾತಾಡಲಿಲ್ಲ.
ಸಂಜೆ ತಮ್ಮ ಭಿಕ್ಷಾಪಾತ್ರೆ ತೊಳೆದು, ಒರೆಸಿ,
ಹುಲಿಗೆಮ್ಮನ ಮಾಳಿಗೆ ಹತ್ತಿ
ಬಾಯಿ ಮೇಲಾಗಿ ಇಟ್ಟು ಬಂದರು.
ಪಾತ್ರೆಗೆ ಬಿದ್ದದ್ದನ್ನು ಬೇಡ ಅನ್ನಬಾರದು,
ಇನ್ನಷ್ಟು ಅನ್ನಲೂಬಾರದು.
ಬೆಳಿಗ್ಗೆ ತಳದಲ್ಲಿ ಕಾಡಿಗೆಯಷ್ಟು ನಯವಾದ ಕಪ್ಪು.
ಯಂಕೋಬಣ್ಣನ ಮೊಮ್ಮಗಳು ಅದರಲ್ಲಿ ಬೆರಳಾಡಿಸಿ
ತನ್ನ ಹೆಸರಿನ ಮೊದಲ ಅಕ್ಷರ ಬರೆದಳು.

ಕೊಡದೆ ಇದ್ದುದನ್ನು ತೆಗೆದುಕೊಳ್ಳೆನು:
ದಿನವೂ ಹೇಳುವ ಎರಡನೇ ಶೀಲ.
ಇದನ್ನು ನಾವಾರೂ ಕದ್ದಿಲ್ಲ,
ಕೈಯೊಡ್ಡದೆಯೇ ಕೊಟ್ಟರು.
ಅವರು ತೆಗೆದುಕೊಂಡದ್ದೇನು ಎಂದು
ಕೇಳುವ ಕಚೇರಿ ಯಾವ ಊರಲ್ಲಿದೆಯೋ.

ಇಲ್ಲಿಯವರೆಗೆ ಹೇಳಿದ್ದರಲ್ಲಿ
ಒಂದನ್ನು ಬಿಟ್ಟಿದ್ದೇನೆ.

ಧೂಳು ಹಿಡಿಯುವ ಯಂತ್ರವಿದೆ ಕಾರ್ಖಾನೆಯಲ್ಲಿ,
ಮನೆಯಷ್ಟು ದೊಡ್ಡದು, ಹಸಿರು ಬಣ್ಣ ಬಳಿದದ್ದು,
ಸಾಹೇಬರು ಬಂದರೆ ಅದರ ಮುಂದೆಯೇ ಫೋಟೊ.
ಕರೆಂಟು ಬಹಳ ತಿನ್ನುತ್ತದೆಂದು
ರಾತ್ರಿ ಹನ್ನೊಂದಕ್ಕೆ ಆರಿಸುತ್ತಾರೆ.

ಆರಿಸುತ್ತಾರೆ ಅಂದೆ.
ಆರಿಸುವವನು ನಾನು.
ರಾತ್ರಿ ಪಾಳಿ, ಟೋಕನ್ ನಾನೂರ ಹನ್ನೆರಡು,
ಆರು ವರ್ಷದಿಂದ ಈ ಬಲಗೈ ಹೆಬ್ಬೆರಳು.
ಆ ಪಾತ್ರೆಯ ಕಪ್ಪಿನಲ್ಲಿ ಒಂದು ಪಾಲು
ನನ್ನ ದಾನ.

ಭಂತೇಜಿಗೆ ಹೇಳಿದೆ. ಬೈಯಲಿಲ್ಲ.
ಕೆಲಸ ಬಿಡು ಅನ್ನಲೂ ಇಲ್ಲ;
ಅಂದಿದ್ದರೆ ಸುಲಭವಿತ್ತು,
ಸಿಟ್ಟು ಮಾಡಿಕೊಂಡು ಎದ್ದು ಬರಬಹುದಿತ್ತು.
"ಒತ್ತೂದಕ್ಕ ಮೊದಲು
ಎಷ್ಟು ಉಸಿರು ತೊಗೋತಿ?" ಅಂದರು.
ಎಣಿಸಿರಲಿಲ್ಲ.

ನಿನ್ನೆ ಎಣಿಸಿದೆ.
ಹನ್ನೊಂದಕ್ಕೆ ಹೆಬ್ಬೆರಳು ಗುಂಡಿಯ ಮೇಲೆ.
ಒಂದು. ಕಬ್ಬಿಣದ ವಾಸನೆ.
ಎರಡು. ಮನೆಯ ಬಾಡಿಗೆ.
ಮೂರು ಎಲ್ಲೋ ತಪ್ಪಿತು, ಮತ್ತೆ ಒಂದರಿಂದ.
ಫೋನು ಬಾರಿಸಿ ಬಾರಿಸಿ ಸುಮ್ಮನಾಯಿತು.
ಮತ್ತೆ ಬಾರಿಸಿತು.
ಹನ್ನೆರಡೂ ಇಪ್ಪತ್ತಕ್ಕೆ ಒತ್ತಿದೆ. ಸುಳ್ಳು ಹೇಳಲಾರೆ.
ಆರು ವರ್ಷ "ಚಾಲೂ" ಎಂದು ಗೀಚುತ್ತಿದ್ದ ಖಾನೆಯಲ್ಲಿ
"೧೨.೨೦ಕ್ಕೆ ಬಂದ್" ಎಂದು ಬರೆದು
ಪೂರಾ ಹೆಸರಿನ ಸಹಿ ಹಾಕಿದೆ.
ಬೆಳಿಗ್ಗೆ ಆ ಪುಟ ಯಾರು ತಿರುವಿದರೋ,
ಇನ್ನೂ ಯಾರೂ ಕರೆದಿಲ್ಲ.

ಮಾಳಿಗೆಯ ಪಾತ್ರೆ ನನ್ನ ಕಣ್ಣಿಗೆ ಎಂದಿನಷ್ಟೇ ಕಪ್ಪು.
ಹುಲಿಗೆಮ್ಮ ಮಾತ್ರ ಬಗ್ಗಿ, ಓರೆಯಾಗಿ ನೋಡಿ,
"ಒಂದು ಚಿಟಿಕಿ ಕಡಿಮಿ ಐತೇನೋ" ಅಂದಳು.
ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ.

ನಲ್ಲಿಯ ಹತ್ತಿರ ಭಂತೇಜಿ
ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದಾರೆ.
ಹನ್ನೆರಡರೊಳಗೆ ತೊಳೆದಾಗಬೇಕು.
ಊಟಕ್ಕೆ ಇರುವುದು
ಅದೊಂದೇ ಪಾತ್ರೆ.