ತೂಕದ ಪುಸ್ತಕ

ಮಂಗಳವಾರ, ಶುಕ್ರವಾರ. ಗಾಳಿ ಒಪ್ಪಿದರೆ.
ಎಮಾಯೆ ದ್ವೀಪದ ಹುಲ್ಲುಪಟ್ಟಿಯ ಮೇಲೆ
ಹತ್ತೊಂಬತ್ತು ಸೀಟಿನ ವಿಮಾನ ಇಳಿಯುವ ಮುಂಚೆ
ನನಗೆ ಮೂರು ಕೆಲಸ:
ದನ ಅಟ್ಟುವುದು, ಮಕ್ಕಳನ್ನು ಬೇಲಿಯಾಚೆ ನಿಲ್ಲಿಸುವುದು,
ಹೋಗುವವರನ್ನು ತೂಗುವುದು.

ತಕ್ಕಡಿ ಕೊಬ್ಬರಿಯದು. ಹಡಗು ಬಂದ ದಿನ ಮೂಟೆ,
ವಿಮಾನ ಬಂದ ದಿನ ಮನುಷ್ಯರು.
ಎಣ್ಣೆಜಿಡ್ಡು ಅಂಗಾಲಿಗೆ ಅಂಟುತ್ತದೆ; ಯಾರೂ ದೂರುವುದಿಲ್ಲ.
ಪಾದ್ರಿಗಳು ಉಸಿರು ಬಿಗಿಹಿಡಿದು ಹತ್ತುತ್ತಾರೆ.
ಮೇಷ್ಟರು ಬೂಟು ಬಿಚ್ಚಿ ಕೈಯಲ್ಲಿ ಹಿಡಿಯುತ್ತಾರೆ.
ಕೈಯಲ್ಲಿದ್ದರೂ ಬೂಟಿಗೆ ಅಷ್ಟೇ ತೂಕ, ಮೇಷ್ಟ್ರೇ, ಎಂದರೆ
ನಗುತ್ತಾರೆ. ಮುಂದಿನ ಸಲ ಮತ್ತೆ ಬಿಚ್ಚುತ್ತಾರೆ.

ಹನ್ನೊಂದು ವರ್ಷದ ಅಂಕಿ ನನ್ನ ಪುಸ್ತಕದಲ್ಲಿದೆ.
ಯಾವ ಹುಡುಗಿ ಇನ್ನೂ ಅಮ್ಮನಿಗೆ ಹೇಳಿಲ್ಲ,
ಯಾವ ಹುಡುಗ ನ್ಯೂಜಿಲೆಂಡಿನ ಹಣ್ಣಿನ ತೋಟದಲ್ಲಿ
ಆರು ತಿಂಗಳು ದುಡ್ಡು ಉಳಿಸಲು ಊಟ ಬಿಟ್ಟ,
ಊರಿಗಿಂತ ಮೊದಲು ಮುಳ್ಳು ನನಗೆ ಹೇಳುತ್ತದೆ.
ನಾನು ಬಾಯಿ ಬಿಡುವುದಿಲ್ಲ. ಅದೂ ಸಂಬಳದಲ್ಲಿ ಸೇರಿದೆ.

ಈ ಶುಕ್ರವಾರ ಲೇಸೋಂಗಿ ಬಂದಳು,
ಪೋರ್ಟ್ ವಿಲಾದ ಆಸ್ಪತ್ರೆಗೆ ಹೊರಟು.
ಮೊಣಕಾಲು ದಾಟುವ ಹೂಹೂವಿನ ನಿಲುವಂಗಿ,
ಕಂಕುಳಲ್ಲಿ ಮಗಳಿಗೆಂದು ಕೇದಗೆ ಎಲೆಯ ಚಾಪೆಯ ಸುರುಳಿ.
ಸುರುಳಿ ಇಳಿಸಿ ತಕ್ಕಡಿ ಹತ್ತಿದಳು.
ಮುಳ್ಳು ನಲವತ್ತಮೂರರಲ್ಲಿ ನಿಂತಿತು.
ಈಸ್ಟರಿಗೆ ಹೋದಾಗ ಐವತ್ತೆರಡು.
ತಕ್ಕಡಿಯನ್ನು ಕಾಲಿನಿಂದ ಒಮ್ಮೆ ತಟ್ಟಿದೆ. ಮುಳ್ಳು ನಡುಗಿ
ಮತ್ತೆ ಅಲ್ಲಿಗೇ ಬಂತು.

'ಎಷ್ಟು?' ಎಂದಳು. ಅವಳ ಹಿಂದೆ ಸಾಲಿನಲ್ಲಿ
ಸೊಸೆ, ನಾದಿನಿ, ನಾದಿನಿಯ ಗಂಡ,
ಕಳಿಸಿಕೊಡಲು ಬಂದ ಅರ್ಧ ಊರು.
'ಐವತ್ತೆರಡು,' ಎಂದೆ. ಬರೆದೆ ಕೂಡ.
ಅವಳು ನನ್ನ ಪೆನ್ನನ್ನೇ ನೋಡಿದಳು. ಏನೂ ಅನ್ನಲಿಲ್ಲ.
ನಿಲುವಂಗಿಯನ್ನು ಸೊಂಟದ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡಳು.
ಹಿಡಿಯಲು ಬಟ್ಟೆ ಬೇಕಾದಷ್ಟಿತ್ತು.

ಕೂಡಿಸಿದಾಗ ಒಟ್ಟು ಮೀರಿತು, ಎಂಟು ಕಿಲೋ.
ಎರಡು ಸಲ ಕೂಡಿಸಿದೆ, ನನಗೇ ಗೊತ್ತಿದ್ದರೂ.
ಒಂದು ಬುಟ್ಟಿ ಇಳಿಯಬೇಕು.
ಸಾಮಾನಿನ ರಾಶಿಯ ಕೆಳಗಿಂದ ನನ್ನದನ್ನೇ ಎಳೆದೆ:
ಹೆಗ್ಗೆಣಸು, ಅಲ್ಲಿ ಹಾಸ್ಟೆಲಿನಲ್ಲಿ ಓದುವ ಮಗನಿಗೆಂದು
ಮಣ್ಣು ಕೂಡ ಒರೆಸಿ ಇಟ್ಟದ್ದು.

ಪೈಲಟ್ ತಾರಿಲಿಯು, ಅಂಬಾಯೆ ದ್ವೀಪದ ಹುಡುಗ,
ಹಾಳೆ ನೋಡಿ ಸಹಿ ಹಾಕಿದ.
ಲೇಸೋಂಗಿಗೆ ಕಿಟಕಿಯ ಸೀಟು ಸಿಕ್ಕಿತು.
ವಿಮಾನ ಎಂದಿನಂತೆ ಮೂರನೆಯ ಬಿಳಿ ಟೈರಿನ ಹತ್ತಿರವೇ ಎದ್ದಿತು,
ಒಂದು ಗೇಣೂ ಮೊದಲಲ್ಲ.
ಅಷ್ಟೊಂದು ಕಡಿಮೆಯಾದದ್ದು ಅದಕ್ಕೆ ತಿಳಿಯಲೇ ಇಲ್ಲ.

ಹಿಂದಿರುಗಿ ಬರುವವರನ್ನು ಇಲ್ಲಿ ತೂಗುವುದಿಲ್ಲ.
ಅಲ್ಲಿಯವರೇ ತೂಗಿ, ಚೀಟಿಯಲ್ಲಿ ಬರೆದು ಕಳಿಸುತ್ತಾರೆ.

ದನಗಳು ಪಟ್ಟಿಗೆ ಮರಳಿದ್ದವು.
ಬುಟ್ಟಿ ಹೊತ್ತು ಮನೆಗೆ ಬಂದೆ.
ಹೆಂಡತಿ ಒಲೆಯ ಮುಂದಿನಿಂದಲೇ ಕಂಡಳು,
'ಅಯ್ಯೋ, ಮತ್ತೆ ಇಳಿಸಿದರಾ,' ಎಂದು ನಕ್ಕಳು,
'ಈ ಸಲ ದಪ್ಪಗಾದವರು ಯಾರು?'