ನಾಲ್ಕನೇ ಡ್ರೈವು

ಬಡು, ಪೆಟ್ಟಿಗೆಯ ಮೇಲಿನ ಅಂಕಿ ಓದಬೇಡ.
ಇಪ್ಪತ್ತನಾಲ್ಕು ಪಟ್ಟು ವೇಗ ಅಂತ ಬರೆದವನು
ಕುಮಾಸಿಯ ಕರೆಂಟು ಕಂಡವನಲ್ಲ.
ತಟ್ಟೆ ಎಳೆ. ಒಂದೇ ಬೆರಳಲ್ಲಿ ಅಲ್ಲಾಡಿಸು,
ಹಾಲುಹಲ್ಲಿನ ಹಾಗೆ ಕುಲುಕಿದರೆ ಅಲ್ಲೇ ಇಡು.
ಈಗ ತೂಕ. ಅಂಗೈಗೆ ಗೊತ್ತಾಗುತ್ತೆ:
ಹಳೆಯದರ ಹೊಟ್ಟೆಯಲ್ಲಿ ಕಬ್ಬಿಣ,
ಹೊಸದರಲ್ಲಿ ಗಾಳಿ, ಜೊತೆಗೊಂದು ಗ್ಯಾರಂಟಿ ಕಾರ್ಡು.

ಆದುಮ್‌ನ ಈ ಓಣಿಯಲ್ಲಿ ಡ್ರೈವುಗಳು
ಗೆಣಸಿನ ರಾಶಿಯಂತೆ ಬಿದ್ದಿರುತ್ತವೆ,
ತೇಮಾ ಬಂದರಿನಲ್ಲಿ ಇಳಿದು, ಯಾವುದೋ ದೇಶದ
ಯಾವುದೋ ಆಫೀಸಿನ ಧೂಳು ಮೂಗಲ್ಲೇ ಇಟ್ಟುಕೊಂಡು.
ಒಪೊಂಗ್ ಆಣೆ ಹಾಕುತ್ತಾನೆ: "ಬಿಚ್ಚೇ ಇಲ್ಲ ಅಣ್ಣ!"
ಹಾಕಲಿ. ಆಣೆಗೆ ದುಡ್ಡು ಕೊಡಬೇಕಿಲ್ಲ.

ನನ್ನ ಜೇಬಲ್ಲಿ ಗೀರು ಬಿದ್ದ ಡಿಸ್ಕೊಂದು ಯಾವತ್ತೂ ಇರುತ್ತೆ.
ನಯವಾದ್ದನ್ನು ಯಾರೂ ಓದುತ್ತಾರೆ.
ಇದನ್ನು ಒಳಗೆ ಕಳಿಸಿ ಕಿವಿಗೊಡು:
ಕಿರುಚಿ, ಉಗುಳಿದರೆ ಅದು ಧಣಿಗಳ ಮನೆಯದು.
ವೇಗ ತಗ್ಗಿಸಿ, ಗೊಣಗುತ್ತಾ, ಹಿಂದೆ ಹೋಗಿ ಮುಂದೆ ಬಂದು
ಅಜ್ಜಿ ಸೂಜಿಗೆ ದಾರ ಪೋಣಿಸುವ ಹಾಗೆ
ಹುಡುಕುತ್ತದಲ್ಲ, ಅದು ನಮ್ಮದು.

ನನಗೂ ಇದು ಗೊತ್ತಿರಲಿಲ್ಲ.
ಏಳು ಡ್ರೈವಿನ ಗೋಪುರ ತಂದ ವರ್ಷ
ಹದಿನಾರರ ವೇಗಕ್ಕೆ ತಿರುಗಿಸಿ ಎದೆ ಉಬ್ಬಿಸಿದ್ದೆ.
ಶನಿವಾರ ಮಣ್ಣು, ಕೆಂಪು ಕಪ್ಪು ಬಟ್ಟೆ;
ಭಾನುವಾರ ಇಗರ್ಜಿ, ಎಲ್ಲರೂ ಬಿಳಿ.
ನಡುವಿನ ಒಂದೇ ರಾತ್ರಿಯಲ್ಲಿ ಮುನ್ನೂರು ಪ್ರತಿ.
ಎರಡು ಸಲ ಕರೆಂಟು ಹೋಯಿತು. ಜನರೇಟರು ಕೆಮ್ಮಿತು.
ಮುನ್ನೂರಕ್ಕೂ ಯಂತ್ರ ಹಸಿರು ದೀಪ ತೋರಿಸಿತು.

ಮೂರು ವಾರಕ್ಕೆ ಒಬುವಾಸಿಯಿಂದ ಸೆರ್ವಾ ಬಂದಳು,
ಟ್ರೋಟ್ರೋದ ಧೂಳು ರೆಪ್ಪೆಯ ಮೇಲೆ,
ತಲೆವಸ್ತ್ರದಲ್ಲಿ ಸುತ್ತಿದ ಡಿಸ್ಕು ಕೈಯಲ್ಲಿ.
ನೂರ ನಾಲ್ಕನೇ ನಿಮಿಷ.
"ನನ್ನ ಅಕ್ಕ ಕೊನೆಗೆ ಹೇಳಿದ್ದು..." ಎನ್ನುತ್ತಾನೆ ಮಾವ,
ಬಾಯಿ ತೆರೆಯುತ್ತಾನೆ,
ಚೌಕಳಿ ಬಟ್ಟೆಯಾಗಿ ಹರಿದುಹೋಗುತ್ತಾನೆ.
"ಅಮ್ಮ ಏನು ಹೇಳಿದ್ದಳು? ಮಾವನೂ ಈಗ ಇಲ್ಲ."

ಮೂಲ ನನ್ನ ಬಳಿ ಇರಲಿಲ್ಲ. ಮುಂದಿನ ಶನಿವಾರದ
ಸಾವಿಗೆ ಜಾಗ ಬೇಕೆಂದು ಅಳಿಸಿದ್ದೆ.
ಡಿಸ್ಕು ತಿರುಗುತ್ತಾ ಅಂಚಿಗೆ ಬಂದಾಗ ವೇಗ ಹೆಚ್ಚುತ್ತೆ ಬಡು,
ಕೈ ನಡುಗುವುದು ಅಲ್ಲೇ. ಮಾತು ಇರುವುದೂ ಅಲ್ಲೇ.

ಮನೆ ಮನೆ ಅಲೆದೆವು, ಅವಳೂ ನಾನೂ.
ಒಂದು ಮನೆಯಲ್ಲಿ ಡಿಸ್ಕಿನ ಮೇಲೆ ಲೋಟ ಇಟ್ಟಿದ್ದರು.
ಒಂದು ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದ್ದರು.
ಹತ್ತು ಮನೆಯಲ್ಲಿ ಮಾವ ಹತ್ತು ರೀತಿ ತೊದಲಿದ.
ಹನ್ನೊಂದರಲ್ಲಿ ತೊದಲಲಿಲ್ಲ:
"ಪಕ್ಕದ ಮನೆಗೆ ಕೊಟ್ಟ ದೊಡ್ಡ ಪಾತ್ರೆ
ಸೆರ್ವಾ ಮರೆಯದೆ ಇಸಿದುಕೊಳ್ಳಲಿ, ಅಂದಳು."

ಸೆರ್ವಾ ನಕ್ಕಳು. ನೆಲಕ್ಕೆ ಕೂತು ನಕ್ಕಳು.
ಆಮೇಲೆ ನಗು ಬೇರೆ ಏನೋ ಆಯಿತು,
ನಾನು ಅಂಗಳಕ್ಕೆ ಹೋಗಿ ನಿಂತೆ.
ಆ ಡಿಸ್ಕಿನ ಒಳಬಳೆಯಲ್ಲಿ ನಾನೇ ಗೀಚಿದ ಅಂಕಿ: ನಾಲ್ಕು.
ಗೋಪುರದ ನಾಲ್ಕನೇ ಡ್ರೈವು. ಎಲ್ಲರಿಗಿಂತ
ಎರಡು ನಿಮಿಷ ತಡ ಎಂದು
ನಾನು ಬದಲಿಸಬೇಕೆಂದಿದ್ದದ್ದು.

ಅಂದಿನಿಂದ ಎಂಟರ ವೇಗ. ಬರೆದದ್ದನ್ನು ಮತ್ತೆ ಓದಿಸಿ ನೋಡುತ್ತೇನೆ.
ಗಿರಾಕಿಗಳು ಬೈಯುತ್ತಾರೆ, ಚಹಾ ಕೊಡುತ್ತೇನೆ.
ಅಂದಿನಿಂದ ನಾಲ್ಕನೆಯದರ ಒಡಹುಟ್ಟಿದವನ್ನು ಹುಡುಕುತ್ತಿದ್ದೇನೆ,
ಮೂರು ಸಿಕ್ಕಿವೆ.

ಕೇಳು. ಕೇಳಿಸಿತೇ?
ಗೊಣಗಿತು. ಹಿಂದೆ ಹೋಯಿತು. ಬಂತು.
ಅದೇ ಚೀಟಿ, ಅದೇ ಕಾರ್ಖಾನೆ, ಅದೇ ತಿಂಗಳು.
ಮೆಲ್ಲಗೆ ರಾಶಿಯಲ್ಲಿ ಇಡು, ಬೇರೊಂದರ ಬೆಲೆ ಕೇಳು.
ಒಪೊಂಗ್ ನೋಡುತ್ತಿದ್ದಾನೆ,
ಮುಖದಲ್ಲಿ ತೋರಿಸಬೇಡ.